ಭಂಡಾರ ನುಂಗಿದ ಫಿಲ್ಟರ್

ನನ್ನ ಮೊಮ್ಮಗಳು ಸಿನಿಮಾ ಮಷಿನ್ನಿನ ದೂಳು ತೆಗೆಯುತ್ತಾಳೆ. ಇದನ್ನು ಯಾರಿಗೆ ಹೇಳಿದರೂ "ಅಷ್ಟೇ ಏನು?" ಅನ್ನುತ್ತಾರೆ. ಅಷ್ಟೇ ಅಲ್ಲ. ಎಷ್ಟು ಎಂದು ಹೇಳುವುದಕ್ಕೇ ನಾನು ಈ ಬರೆಯುವ ಕೆಲಸಕ್ಕೆ ಕೈ ಹಾಕಿದ್ದು. ನಾನು ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ನನ್ನ ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಓಡಾಡುತ್ತವೆ. ಓಡಾಡಲಿ. ಈ ದಿನಗಳಲ್ಲಿ ನಾನೇ ನೆಲದ ಮೇಲೆ ನಿಲ್ಲುತ್ತಿಲ್ಲ, ಇನ್ನು ಅಕ್ಷರಗಳಿಗೆ ಏನು ಹೇಳುವುದು?

ನಮ್ಮದು ವಿಜಯಪುರದ ಕಡೆಯ ಹಳ್ಳಿ. ಮದುವೆಯಾದ ಮೇಲೆ ಗಂಡನ ಹಿಂದೆ ಧಾರಾವಿಗೆ ಬಂದವಳು ಇಲ್ಲಿಯೇ ಮುದುಕಿಯಾದೆ. ನಮ್ಮ ಗಲ್ಲಿಯಲ್ಲಿ ಒಂದು ಕಡೆ ಚರ್ಮದ ಚೀಲ ಹೊಲಿಯುತ್ತಾರೆ, ಇನ್ನೊಂದು ಕಡೆ ಹಳೆಯ ಪ್ಲಾಸ್ಟಿಕ್ಕು ಪುಡಿ ಮಾಡುವ ಯಂತ್ರ ಇಡೀ ದಿನ ಕೂಗುತ್ತದೆ. ಬಿಲ್ಡಿಂಗ್ ಕಟ್ಟುವ ಕಡೆ ಸಿಮೆಂಟಿನ ಬುಟ್ಟಿ ಹೊತ್ತು ನಾನು ಮಕ್ಕಳನ್ನು ಬೆಳೆಸಿದೆ. ದೂಳನ್ನು ತಲೆಯ ಮೇಲೆ ಹೊರುವುದು ನನಗೆ ಗೊತ್ತಿತ್ತು. ದೂಳನ್ನು ತಡೆದು ನಿಲ್ಲಿಸುವುದೂ ಒಂದು ಕೆಲಸ, ಅದಕ್ಕೂ ಒಂದು ಕಲಿಕೆ ಬೇಕು ಎಂಬುದು ಮೊಮ್ಮಗಳಿಂದ ಗೊತ್ತಾಯಿತು.

ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಟಾಕೀಸುಗಳ ಪ್ರೊಜೆಕ್ಟರ್ ನೋಡಿಕೊಳ್ಳುವ ಒಂದು ಕಂಪನಿಗೆ ಸೇರಿದಳು. ಮೊದಲ ದಿನ ಮನೆಗೆ ಬಂದಾಗ ಮೂಗಿನ ಮೇಲೆ ಮಾಸ್ಕಿನ ಗುರುತು, ಅದರ ಸುತ್ತ ಕಪ್ಪು. ಎದುರುಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಆಕೆಯ ಬಾಯಿಗೆ ಬಾಗಿಲೇ ಇಲ್ಲ.

"ಏನ ಬೇ ಆಯಿ, ಅಷ್ಟ ಓದಿಸಿ ಮೊಮ್ಮಗಳನ್ನ ಝಾಡೂ ಹೊಡ್ಯಾಕ ಹಚ್ಚಿದ್ಯಲ್ಲ! ನಮ್ಮ ಮನಿಗೇ ಕಳಿಸಿದ್ರ ದಿನಾ ಚಾ ಆದ್ರೂ ಕೊಡತಿದ್ನಿ."

"ನಿಮ್ಮ ಮನ್ಯಾಗಿನ ಕಸ ಅಕಿ ಕೈಲೆ ಆಗೂದಿಲ್ಲ ಬಿಡ ಯವ್ವಾ. ಅದಕ್ಕ ಇನ್ನೂ ದೊಡ್ಡ ಇಂಜಿನಿಯರೇ ಬೇಕು" ಎಂದೆ.

ಆಕೆ ನಕ್ಕಳು, ನಾನೂ ನಕ್ಕೆ. ಒಳಗೆ ಬಂದ ಮೇಲೆ ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಚುಚ್ಚಿತು. ಕೈಕಾಲು ತೊಳೆದು ಬಂದ ಹುಡುಗಿಯನ್ನು ಕೇಳಿಯೇ ಬಿಟ್ಟೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ನಾನು ರೊಟ್ಟಿಗೆ ಹಿಟ್ಟು ಸೋಸುತ್ತಿದ್ದ ಸಾಣಿಗೆಯನ್ನು ಕೈಯಿಂದ ತೆಗೆದುಕೊಂಡು ಎದುರಿಗೆ ಕುಳಿತಳು. ಅವಳ ಕನ್ನಡ ಅರ್ಧ ಹಿಂದಿ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೆಯೇ.

"ಆಯಿ, ಮಷಿನ್ ಹೊಟ್ಟಿ ಒಳಗ ಬಹುತ್ ಗರಮ್ ಬತ್ತಿ ಐತಿ. ಹೊರಗಿನ ಹವಾ ಎಳ್ಕೊಂಡು ಮಷಿನ್ ತನ್ನನ್ನ ತಾನ ಥಂಡಾ ಮಾಡ್ಕೋತೈತಿ. ಹವಾ ಜೊತಿ ದೂಳ್ ಭೀ ಬರ್ತೈತಿ ನಾ? ಅದನ್ನ ಫಿಲ್ಟರ್ ಹಿಡೀತೈತಿ. ಈ ನಿನ್ನ ಸಾಣಿಗಿ ಹಂಗ."

"ಹಿಡದು ಹಿಡದು ಸಾಣಿಗಿ ತುಂಬಿತು ಅಂದ್ರ?"

"ಹವಾ ಹೋಗೂದಿಲ್ಲ. ಮಷಿನ್ ಗರಮ್ ಆಗಿ, ಬತ್ತಿ ತಾನಾ ಬಂದ್. ಪಿಕ್ಚರ್ ಖತಮ್."

ಅಂದರೆ ಪರದೆಯ ಮೇಲೆ ಹೀರೋ ಎಷ್ಟೇ ಕುಣಿಯಲಿ, ಹಿಂದೆ ಒಂದು ಸಾಣಿಗೆ ಸ್ವಚ್ಛ ಇದ್ದರೇ ಅವನ ಕುಣಿತ! ಆ ದಿನದಿಂದ ನನಗೆ ಅವಳ ಕೆಲಸದ ಹುಚ್ಚು ಹಿಡಿಯಿತು. ಅವಳು ಊಟಕ್ಕೆ ಕುಳಿತರೆ ನಾನು ಕೇಳುತ್ತಾ ಕೂರುವುದು. ಮಷಿನ್ ಬಂದ್ ಮಾಡಿದ ಕೂಡಲೇ ಕೈ ಹಾಕಬಾರದು, ಅದು ಆರಬೇಕು. ಫಿಲ್ಟರನ್ನು ಹೊರಗೆ ಎಳೆಯುವಾಗ ಮಗುವನ್ನು ತೊಟ್ಟಿಲಿನಿಂದ ಎತ್ತಿದ ಹಾಗೆ ಎತ್ತಬೇಕು. ಜಗ್ಗಿದರೆ ಅದು ಹಿಡಿದಿಟ್ಟ ದೂಳೆಲ್ಲ ಒಳಗೇ ಉದುರುತ್ತದೆ. ತೊಳೆಯುವಂಥದ್ದನ್ನು ತೊಳೆದರೆ ಪೂರಾ ಒಣಗಿಸಿಯೇ ಹಾಕಬೇಕು. ಒದ್ದೆ ಇದ್ದರೆ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ತೊಳೆಯಲಾಗದ್ದನ್ನು ಎಸೆದು ಹೊಸದು ಹಾಕಬೇಕು. ಗಾಳಿ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಅದರ ಮೇಲೆ ಬಾಣದ ಗುರುತು ಇರುತ್ತದೆ. ಉಲ್ಟಾ ಹಾಕಬಾರದು.

ಮುಂಬೈಯಲ್ಲಿ ಎಲ್ಲ ದೂಳೂ ಒಂದೇ ಅಲ್ಲ ಎಂಬುದನ್ನೂ ಅವಳೇ ಹೇಳಿದಳು. ಮೆಟ್ರೊ ಅಗೆಯುವ ರಸ್ತೆಯ ಟಾಕೀಸಿನಲ್ಲಿ ಫಿಲ್ಟರ್ ಬಿಳಿಚಿಕೊಂಡಿರುತ್ತದೆ. ಅದು ನನ್ನ ಹಳೆಯ ಸಿಮೆಂಟು. ಸಮುದ್ರದ ಕಡೆ ಅಂಟಂಟು. ಪಾಪ್‌ಕಾರ್ನ್ ಹುರಿಯುವ ಜಾಗದ ಗಾಳಿ ಮೇಲಕ್ಕೆ ಹೋಗುವಂತಿದ್ದರೆ ಎಣ್ಣೆಯ ಜಿಡ್ಡು. ವಡಾಲದ ಕಡೆಯ ಒಂದು ಟಾಕೀಸಿನಿಂದ ಬಂದ ದಿನ ಅವಳ ಅಂಗಿ ಮೂಸಿ, "ಇವತ್ತ ಎಣ್ಣಿ ಟಾಕೀಸಾ?" ಎಂದೆ. ಅವಳು ತಟ್ಟೆ ಮುಂದೆ ಬಿದ್ದು ಬಿದ್ದು ನಕ್ಕಳು.

ಹೀಗಿರುವಾಗ ಒಂದು ಸಂಜೆ ಅವಳು ಪ್ಲಾಸ್ಟಿಕ್ ಚೀಲ ಒಂದನ್ನು ತಂದು ಅಡುಗೆ ಕಟ್ಟೆಯ ಮೇಲಿಟ್ಟಳು.

"ವಾಸನಿ ನೋಡು ಆಯಿ."

ಒಳಗೆ ಒಂದು ಹಾಳಾದ ಫಿಲ್ಟರ್. ಕಪ್ಪಗಿಲ್ಲ, ಬೆಳ್ಳಗಿಲ್ಲ. ಮಡಿಕೆ ಮಡಿಕೆಯಲ್ಲೂ ಹಳದಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ಮೂಸುವ ಮೊದಲೇ ನನಗೆ ತಿಳಿಯಿತು. ನಮ್ಮ ದೇವರ ಜಗಲಿಯ ಮೊಳೆಗೆ ತೂಗುವ ಚೀಲದಲ್ಲಿ ಇರುವುದೂ ಅದೇ. ಭಂಡಾರ. ದೇವರ ಅರಿಷಿಣ. ಪಲ್ಲಕ್ಕಿ ಬಂದರೂ, ಮದುವೆಯಾದರೂ, ಮಗು ಹುಟ್ಟಿದರೂ ನಮ್ಮ ಜನ ಅದನ್ನು ಮುಷ್ಟಿ ಮುಷ್ಟಿ ಎತ್ತಿ ಗಾಳಿಗೆ ತೂರುತ್ತಾರೆ.

ಅದು ಪ್ರೊಜೆಕ್ಟರಿನೊಳಗೆ ಹೇಗೆ ಹೋಯಿತು ಎಂದು ಕೇಳಬೇಕಾಗಲೇ ಇಲ್ಲ. ನಮ್ಮ ಕನ್ನಡ ಮಂಡಳಿಯವರು ಆಗಾಗ ಕಾಂದಿವಲಿ ಕಡೆಯ ಒಂದು ಹಳೆಯ ಟಾಕೀಸನ್ನು ಭಾನುವಾರ ಬೆಳಗಿನ ಆಟಕ್ಕೆ ಹಿಡಿದು ಕನ್ನಡ ಸಿನಿಮಾ ಹಾಕಿಸುತ್ತಾರೆ. ಊರಿನ ಮಾತು ಕೇಳಿಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆಟಕ್ಕೆ ಮುಂಚೆ ಮಂಡಳಿಯ ಹಿರಿಯರು ಮೇಲಿನ ಮಷಿನ್ ರೂಮಿಗೆ ಹೋಗಿ ಕಾಯಿ ಒಡೆದು, ಆರತಿ ಮಾಡಿ, ಮಷಿನ್ನಿನ ಮೇಲೆ ಭಂಡಾರ ಹಾರಿಸಿ ಬರುವುದು ಪದ್ಧತಿ. ಹೋದ ಸಲದ ಹೊಸ ಸಿನಿಮಾಕ್ಕೆ ಉತ್ಸಾಹ ಹೆಚ್ಚಾಗಿ ಚೀಲವನ್ನೇ ಬರಿದು ಮಾಡಿದ್ದರು. ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಮತ್ತೆ ಹತ್ತಲೇ ಇಲ್ಲ. ಜನ ಕುರ್ಚಿ ಬಡಿದರು, ಕೂಗಿದರು. ಟಾಕೀಸಿನ ಮ್ಯಾನೇಜರು ಖಡಕ್ಕಾಗಿ ಹೇಳಿದ್ದ: ಇನ್ನೊಂದು ಸಲ ಕೊಡುತ್ತೇನೆ, ಆಗಲೂ ಮಷಿನ್ ನಿಂತರೆ ಕನ್ನಡ ಆಟಕ್ಕೆ ನಮ್ಮ ಹಾಲ್ ಇಲ್ಲ.

ಆ ನಿಂತ ಮಷಿನ್ನನ್ನು ತೆರೆಯಲು ಕಂಪನಿಯಿಂದ ಹೋದವರು ನನ್ನ ಮೊಮ್ಮಗಳು ಮತ್ತು ಅವಳ ಸೀನಿಯರ್ರು. ಹಳದಿ ಪುಡಿ ಕಂಡು, ಇದು ಏನು ಎಂದು ಸೀನಿಯರ್ರು ಕೇಳಿದಾಗ ಅವಳು ಗೊತ್ತಿಲ್ಲ ಎನ್ನಬಹುದಿತ್ತು.

"ನಾ ಹೇಳಿದ್ನಿ ಆಯಿ. ಇದು ಭಂಡಾರ, ನಮ್ಮ ಜನಾನೇ ಹಾಕ್ಯಾರ ಅಂತ."

"ಅವರೇನಂದ್ರು?"

"ಹಂಗಾದ್ರ ಈ ಟಾಕೀಸ್ ಇನ್ಮ್ಯಾಲೆ ನೀನೇ ಸಂಭಾಳ್ಸು ಅಂದ್ರು. ಅಕೇಲೀ. ಮುಂದಿನ ಕನ್ನಡ ಶೋಕ್ಕ ನಾನೇ ರೂಮ್ನಾಗ ಇರಬೇಕು."

ಮೊದಲ ಸಲ ಅವಳೊಬ್ಬಳ ಕೈಗೆ ಒಂದು ಮಷಿನ್ ಬಂದಿತ್ತು. ಅದರ ಜೊತೆಗೆ ಭಂಡಾರ ಹಾರಿಸುವ ನಮ್ಮ ಮಂಡಳಿಯ ಹಿರಿಯರನ್ನು ಸಂಭಾಳಿಸುವ ಕೆಲಸವೂ ಬಂದಿತ್ತು! ಅವರಲ್ಲಿ ಮುಖ್ಯರಾದವರಿಗೆ ನಾವೆಲ್ಲ ಕಾಕಾ ಅನ್ನುತ್ತೇವೆ. ಹಡಗುಕಟ್ಟೆಯಲ್ಲಿ ಹಮಾಲಿ ಮಾಡಿ ಎದೆ ಗಟ್ಟಿ ಮಾಡಿಕೊಂಡವರು. ಧ್ವನಿ ಎತ್ತಿದರೆ ಗಲ್ಲಿಯ ನಾಯಿಗಳು ಸುಮ್ಮನಾಗುತ್ತವೆ. ನನ್ನ ಗಂಡ ತೀರಿಕೊಂಡಾಗ ಹೆಗಲು ಕೊಟ್ಟವರು, ಈ ಹುಡುಗಿಯನ್ನು ಎತ್ತಿ ಆಡಿಸಿದವರು.

"ನಾನೇ ಹೋಗಿ ಕಾಕಾಗ ಹೇಳ್ತೀನಿ ತಡಿ" ಎಂದೆ.

"ಬ್ಯಾಡ ಆಯಿ. ಮಷಿನ್ ನಂದು. ನಾನೇ ಹೇಳ್ತೀನಿ."

ನಂದು ಎಂದಳು. ಆ ಮಾತು ಕೇಳಿ ನನಗೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವ ಹಾಗಾಯಿತು. ಒಲೆಯ ಹೊಗೆ ಎನ್ನಲು ಈಗ ಒಲೆಯೂ ಇಲ್ಲ, ಗ್ಯಾಸು.

ಅವಳು ಹೋಗಿ ಹೇಳಿದಳು. ಕಾಕಾ ಮಂಡಳಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತಿದ್ದರಂತೆ. "ದೇವರ ಭಂಡಾರಕ್ಕ ಮಷಿನ್ ಕೆಡತೈತೇನ ಹುಚ್ಚಿ? ಅದು ಕರೆಂಟಿಂದು ಏನೋ ಆಗಿರಬೇಕು" ಎಂದು ತಲೆ ಸವರಿ ಕಳಿಸಿದರಂತೆ. ಅವಳ ತೊದಲು ಕನ್ನಡಕ್ಕೆ ಉಳಿದವರು ನಕ್ಕರಂತೆ. ಬಂದು ಮೂಲೆಯಲ್ಲಿ ಮುಖ ಊದಿಸಿ ಕುಳಿತಳು. ನಾನು ರೊಟ್ಟಿ ಬಡಿಯುತ್ತಲೇ ಅವಳಿಗೆ ಮಾತು ಕಲಿಸಿದೆ. ಹಿರಿಯರ ಮುಂದೆ ಇಲ್ಲ ಎನ್ನುವುದಕ್ಕೂ ಒಂದು ಧಾಟಿ ಇದೆ.

"ಹಿಂಗನ್ನು: ಕಾಕಾ, ಸಿಟ್ಟಾಗಬ್ಯಾಡ್ರಿ, ಪೂಜಿ ಬಾಗಲದ ಹೊರಗ ಮಾಡೂಣು, ದೇವರು ಹೊರಗೂ ಅದಾನ."

"ಕಾಕಾ ಸಿಟ್ಟಾಗಬ್ಯಾಡ್ರಿ, ಪೂಜಿ ಬಾಗಲ... ಬಾಗಲ ಕೇ ಬಾಹರ್..."

"ಬಾಹರ್ ಅಲ್ಲ, ಹೊರಗ."

"ಹೊರಗ, ಹೊರಗ" ಎಂದು ಅವಳು ಹಾಸಿಗೆ ಹಾಸುವಾಗಲೂ ಬಡಬಡಿಸುತ್ತಿದ್ದಳು.

ಮುಂದಿನ ಕನ್ನಡ ಆಟದ ಭಾನುವಾರ ಅವಳು ಬೆಳಕು ಹರಿಯುವಾಗಲೇ ಹೊರಟು ಹೋಗಿದ್ದಳು. ನಾವು ಹೆಂಗಸರು ಮಾಹಿಮ್‌ನಿಂದ ಲೋಕಲ್ ರೈಲು ಹಿಡಿದು ಕಾಂದಿವಲಿ ಮುಟ್ಟುವ ಹೊತ್ತಿಗೆ ಟಾಕೀಸಿನ ಮುಂದೆ ಡೊಳ್ಳು ಶುರುವಾಗಿತ್ತು. ಪೋಸ್ಟರಿಗೆ ಹಾರ, ಗಂಡಸರ ಹೆಗಲಿಗೆ ಕಂಬಳಿ, ಕಾಕಾ ಅವರ ಕೈಯಲ್ಲಿ ಭಂಡಾರದ ಚೀಲ. ಹಿರಿಯ ಹೆಂಗಸು ಎಂದು ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಎದುರುಮನೆಯಾಕೆ ನನ್ನ ಹಿಂದೆಯೇ.

"ಇವತ್ತರ ಪೂರಾ ತೋರಸ್ತಾಳೋ ಇಲ್ಲೋ ನಿನ್ನ ಇಂಜಿನಿಯರು? ಅರ್ಧಕ್ಕ ನಿಂತರ ಉಳದ ಕಥಿ ನೀನೇ ಹೇಳಬೇಕ ನೋಡ."

ನಾನು ತಟ್ಟೆಯ ದೀಪಕ್ಕೆ ಸೆರಗು ಅಡ್ಡ ಹಿಡಿದು ಮುಂದೆ ನಡೆದೆ.

ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಮಷಿನ್ ರೂಮಿನ ಬಾಗಿಲಲ್ಲಿ ನನ್ನ ಮೊಮ್ಮಗಳು ನಿಂತಿದ್ದಳು. ಕಂಪನಿಯ ನೀಲಿ ಅಂಗಿ, ಕೂದಲು ಬಿಗಿದು ಕಟ್ಟಿ ಮೇಲೆ ಟೋಪಿ. ಅವಳ ಹಿಂದೆ ಮಷಿನ್ನು. ನಾನು ಅದನ್ನು ನೋಡಿದ್ದು ಅದೇ ಮೊದಲು. ದೊಡ್ಡ ಕಪಾಟಿನಷ್ಟಿತ್ತು, ನೆತ್ತಿಯಿಂದ ಕೊಳವೆ ಎದ್ದು ಗೋಡೆಯ ಆಚೆ ಹೋಗಿತ್ತು. ಗುಂಯ್ ಎನ್ನುವ ಅದರ ಸದ್ದು ಡೊಳ್ಳಿನ ನಡುವೆಯೂ ಕೇಳುತ್ತಿತ್ತು.

"ಬಾಜೂಕ ಸರಿ ಯವ್ವಾ, ದೇವರ ಕೆಲಸಕ್ಕ ಹೊತ್ತಾತು" ಎಂದರು ಕಾಕಾ.

"ಕಾಕಾ, ಸಿಟ್ಟಾಗಬ್ಯಾಡ್ರಿ" ಎಂದಳು. ಅಲ್ಲಿಗೇ ನಿಂತಿತು. ಕಲಿಸಿದ ಮಾತೆಲ್ಲ ಹಾರಿಹೋಗಿತ್ತು. ಹಿಂದಿನಿಂದ ಯಾರೋ "ಅಕೀಗೆ ಕನ್ನಡಾನೇ ಬರೂದಿಲ್ಲ, ನಡೀರಿ ಒಳಗ" ಎಂದರು. ಜನ ಒತ್ತಿದರು. ಅವಳು ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಳು.

"ನಹೀ! ಒಳಗ ಭಂಡಾರ ಬ್ಯಾಡ."

ಡೊಳ್ಳು ಬಾರಿಸುವವನೂ ನಿಲ್ಲಿಸಿದ. ಕಾಕಾ ನನ್ನ ಕಡೆ ತಿರುಗಿದರು. ಅವರ ಮುಖ ಕೆಂಪಾಗಿತ್ತು. "ಏನವಾ ಇದು? ಹಿರಿಯಾಕಿ ನೀನು, ಹೇಳು ಅಕಿಗೆ."

ಎಲ್ಲರ ಕಣ್ಣೂ ನನ್ನ ಮೇಲೆ. ಗಂಡ ಸತ್ತಾಗ ಹೆಗಲು ಕೊಟ್ಟ ಮನುಷ್ಯ ಒಂದು ಕಡೆ, ಬಾಗಿಲಿಗೆ ಅಡ್ಡ ನಿಂತ ಕೂಸು ಒಂದು ಕಡೆ. ನಾನು ಆರತಿ ತಟ್ಟೆಯನ್ನು ಮೆಟ್ಟಿಲ ಮೇಲೆ ಇಳಿಸಿದೆ.

"ಮಷಿನ್ ಅಕಿದು ಕಾಕಾ. ಅಕಿ ಹೇಳಿದಂಗ."

ಅವಳು ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ತನ್ನ ಬ್ಯಾಗಿನಿಂದ ಆ ಪ್ಲಾಸ್ಟಿಕ್ ಚೀಲ ತೆಗೆದು, ಹೊರಗೆ ಬಂದು, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು. ಅಂದು ನಮ್ಮ ಅಟ್ಟದ ಮೇಲೆ ಎತ್ತಿಟ್ಟಿದ್ದ ಹಾಳಾದ ಫಿಲ್ಟರನ್ನು ನನಗೂ ಹೇಳದೆ ತಂದಿದ್ದಳು! ಅದನ್ನು ಎರಡೂ ಕೈಯಲ್ಲಿ ಕಾಕಾ ಅವರ ಮುಂದೆ ಹಿಡಿದಳು. ಕಲಿಸಿದ ಮಾತಲ್ಲ, ತನ್ನದೇ ಮಾತು ಬಂತು.

"ಕಾಕಾ, ಇದು ಹೋದ ಸಲ ನೀವು ಹಾಕಿದ ಭಂಡಾರ. ನೀವು ಮಷಿನ್‌ಗೆ ಹಾಕಿದ್ರಿ, ಲೇಕಿನ್ ಮಷಿನ್‌ಗೆ ಹತ್ಲಿಲ್ಲ. ಎಲ್ಲಾ ಇದಾ ತಿಂತು. ತಿಂದು ತಿಂದು ಇದರ ಉಸಿರು ಕಟ್ತು, ಅದಕ್ಕ ಮಷಿನ್ ನಿಂತಿತು. ಇದು ಇಲ್ಲಂದ್ರ ಮಷಿನ್ ಪೂರಾ ಸತ್ತಹೋಗ್ತಿತ್ತು. ಪೂಜಿ ಮಾಡೂದಿದ್ರ ಇದಕ್ಕ ಮಾಡ್ರಿ."

ಕಾಕಾ ಅದನ್ನು ಕೈಗೆ ತೆಗೆದುಕೊಂಡರು. ಬೆಳಕಿಗೆ ಹಿಡಿದರು, ಬೆಳಕು ದಾಟಲಿಲ್ಲ. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಹಡಗಿನ ಹೊಟ್ಟೆಯಲ್ಲಿ ಚೀಲ ಇಳಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದುಡಿದ ಮನುಷ್ಯ ಅವರು, ಉಸಿರು ಕಟ್ಟುವುದು ಎಂದರೆ ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬೆರಳಿನಿಂದ ಅದರ ಹಳದಿಯನ್ನು ಒಂದಿಷ್ಟು ಕೆರೆದು ತಮ್ಮ ಹಣೆಗೆ ಹಚ್ಚಿಕೊಂಡರು.

"ಇಷ್ಟ ದಿನಾ ಯಾರಿಗೆ ಪೂಜಿ ಮಾಡಬೇಕಿತ್ತೋ ಅವರನ್ನ ಬಿಟ್ಟು ಮಾಡೀವಿ ನೋಡ್ರಿ" ಎಂದು ಹಿಂದಿನವರಿಗೆ ಹೇಳಿ, "ಎಲ್ಲರೂ ಕೆಳಗ ಇಳೀರಿ" ಎಂದು ಕೂಗಿದರು.

ಟಾಕೀಸಿನ ಅಂಗಳದಲ್ಲಿ, ಬೇವಿನ ಮರದ ಬುಡಕ್ಕೆ ಆ ಫಿಲ್ಟರನ್ನು ಒರಗಿಸಿ ನಾನೇ ಆರತಿ ಮಾಡಿದೆ. ಕಾಯಿ ಒಡೆದರು. ಸಿನಿಮಾ ನೋಡಲು ಬಂದ ಜನ ಇದು ಯಾವ ದೇವರು ಎಂದು ಇಣುಕಿ ನೋಡಿ, ತಿಳಿಯದೆ, ಆದರೂ ಕೈ ಮುಗಿದು ಹೋದರು. ಕಾಕಾ ಭಂಡಾರ ಹಿಡಿದು ಮೊಮ್ಮಗಳ ತಲೆಯ ಮೇಲೆ ಹಾರಿಸಲು ಕೈ ಎತ್ತಿದರು. ಅವಳು ಚಂಗನೆ ಹಿಂದೆ ಸರಿದಳು.

"ಈಗ ಬ್ಯಾಡ ಕಾಕಾ! ನನ್ನ ಬಟ್ಟಿಗಿ ಹತ್ತಿದ್ರ ರೂಮಿಗೆ ಹೋಗ್ತೈತಿ. ಶೋ ಮುಗೀಲಿ."

"ಎಷ್ಟ ಖಡಕ್ ಅದಾಳಲೇ ಇಕಿ!" ಎಂದು ಕಾಕಾ ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಈಗ ನಗುತ್ತಿದ್ದರು. ಅವಳು ಕೈ ಕೊಡವಿ, ಚಪ್ಪಲಿ ಒರೆಸಿಕೊಂಡು ಮೇಲೆ ಹೋದಳು.

ಆ ಸಿನಿಮಾದ ಕಥೆ ಏನು ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ. ಪೂಜೆ ಹೊರಗೆ ಮಾಡಿದ್ದು ಸರಿ, ಆದರೆ ಮಷಿನ್ನಿಗೆ ಬೇರೆ ಏನಾದರೂ ಆದರೆ? ಆಗ ಹಿರಿಯರನ್ನು ತಡೆದದ್ದಕ್ಕೇ ಹೀಗಾಯಿತು ಎನ್ನುವುದಿಲ್ಲವೇ ಇದೇ ಜನ? ನಾನು ಕುರ್ಚಿಯಲ್ಲಿ ತಿರುಗಿ ಕುಳಿತು ಹಿಂದಿನ ಗೋಡೆಯ ಸಣ್ಣ ಕಿಂಡಿಯನ್ನೇ ನೋಡುತ್ತಿದ್ದೆ. ಅಲ್ಲಿಂದ ಬೆಳಕು ಬರುತ್ತಿತ್ತು. ಬರುತ್ತಲೇ ಇತ್ತು. ಹಿಂದಿನ ಸಾಲಿನವರು "ಆಯಿ, ಪಿಕ್ಚರ್ ಆ ಕಡಿ ಐತಿ" ಎಂದರು. ಇಂಟರ್ವಲ್ ಆಯಿತು. ಮತ್ತೆ ಶುರುವಾಯಿತು. ಹೋದ ಸಲ ನಿಂತಿದ್ದ ಹೊತ್ತು ಬಂದಾಗ ಎದುರುಮನೆಯಾಕೆ ಚುನಮುರಿ ತಿನ್ನುವುದನ್ನು ಬಿಟ್ಟು ನನ್ನ ಕೈ ಹಿಡಿದಳು. ಬೆಳಕು ನಿಲ್ಲಲಿಲ್ಲ. ಹಾಡು ಬಂತು, ಹೊಡೆದಾಟ ಬಂತು, ಕೊನೆಗೆ ಕರಿ ಪರದೆಯ ಮೇಲೆ ಹೆಸರುಗಳು ಮೇಲಕ್ಕೆ ಹರಿದವು. ಜನ ಎದ್ದು ಹೊರಟರು. ನಾನು ಕೊನೆಯ ಹೆಸರು ಹೋಗುವವರೆಗೂ ಕುಳಿತೆ. ಅದರಲ್ಲಿ ನನ್ನ ಮೊಮ್ಮಗಳ ಹೆಸರು ಇರುವುದಿಲ್ಲ, ಗೊತ್ತು. ಆದರೆ ಆ ಹೆಸರುಗಳೆಲ್ಲ ಕಂಡದ್ದು ಅವಳಿಂದ.

ಹೊರಗೆ ಮ್ಯಾನೇಜರು ಕಾಕಾ ಅವರ ಕೈ ಕುಲುಕಿ, ಮುಂದಿನ ಸಿನಿಮಾ ಯಾವಾಗ ಎಂದು ಕೇಳುತ್ತಿದ್ದ. ಕಾಕಾ ಅವನಿಗೆ ಅರ್ಧ ಉತ್ತರ ಕೊಟ್ಟು ಮೆಟ್ಟಿಲ ಕಡೆ ಓಡಿದರು. ಮೊಮ್ಮಗಳು ಇಳಿದು ಬರುತ್ತಿದ್ದಳು.

"ಈಗ? ಈಗರ ಆತಿಲ್ಲೋ?"

ಅವಳು ಟೋಪಿ ತೆಗೆದಳು. ಕೂದಲು ಬಿಚ್ಚಿ, ಕಣ್ಣು ಮುಚ್ಚಿ, ಅಂಗಳದ ನಡುವೆ ನಿಂತಳು. "ಆತು ಕಾಕಾ. ಈಗ ಹಾಕ್ರಿ."

ಕಾಕಾ ಮುಷ್ಟಿ ಎತ್ತಿದರು. ಅವರ ಹಿಂದೆ ಎಲ್ಲರೂ ಎತ್ತಿದರು. ಡೊಳ್ಳು ಬಿತ್ತು. ಗಾಳಿಯೆಲ್ಲ ಹಳದಿಯಾಗಿ ನನ್ನ ಹುಡುಗಿ ಅದರೊಳಗೆ ಕಾಣದಂತಾದಳು. ಅವಳ ನಗು ಮಾತ್ರ ಕೇಳುತ್ತಿತ್ತು.

ಹಿಂತಿರುಗುವಾಗ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಜನ ಅವಳನ್ನು ನೋಡಿ ನೋಡಿ ಜಾಗ ಬಿಟ್ಟರು. ಕಿಟಕಿಯ ಹತ್ತಿರದ ಮರಾಠಿ ಹೆಂಗಸೊಬ್ಬಳು, ಹುಡುಗಿಯ ಮದುವೆಯ ಅರಿಷಿಣ ಆಯಿತೇ ಎಂದು ನನ್ನನ್ನು ಕೇಳಿದಳು.

"ನಾಹೀ ಬಾಯಿ" ಎಂದೆ. "ಇವಳು ಇವತ್ತು ಒಂದು ಸಿನಿಮಾ ಪೂರಾ ನಡೆಸಿದಳು" ಎಂದು ನನ್ನ ಹರಕು ಮರಾಠಿಯಲ್ಲಿ ಡಬ್ಬಿಗೆಲ್ಲ ಕೇಳುವಂತೆ ಹೇಳಿದೆ. ಮೊಮ್ಮಗಳು "ಆಯಿ, ಚುಪ್" ಎಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗೂ ಹಳದಿಯಾಯಿತು. ನಾನು ಚುಪ್ ಆಗಲಿಲ್ಲ. ಮಾಹಿಮ್ ಬರುವವರೆಗೆ ಆ ಹೆಂಗಸಿಗೆ ಫಿಲ್ಟರ್ ಎಂದರೇನು, ಬಾಣದ ಗುರುತು ಯಾವ ಕಡೆ ಇರಬೇಕು ಎಂದೆಲ್ಲ ಹೇಳಿದೆ.

ಮನೆಗೆ ಬಂದು ಅವಳು ತಲೆ ತೊಳೆದಳು, ಮತ್ತೆ ತೊಳೆದಳು. ಮರುದಿನ ಬೇರೆ ಟಾಕೀಸಿಗೆ ಹೋಗಬೇಕಿತ್ತು, ಕೂದಲಲ್ಲಿ ಒಂದು ಕಣ ಉಳಿಯಬಾರದು ಎಂದು ನನ್ನಿಂದ ಹುಡುಕಿಸಿದಳು. ಕಿವಿಯ ಹಿಂದೆ ಒಂದಿಷ್ಟು ಹಳದಿ ಉಳಿದಿತ್ತು. ಇಲ್ಲ ಎಂದು ಸುಳ್ಳು ಹೇಳಿ ಉಳಿಸೋಣ ಎಂದು ಒಂದು ಕ್ಷಣ ಆಸೆಯಾಯಿತು. ಆಮೇಲೆ ಮಷಿನ್ನು ನೆನಪಾಗಿ, ಒದ್ದೆ ಸೆರಗಿನ ತುದಿಯಿಂದ ಒರೆಸಿ ತೆಗೆದೆ.